ಮಳ್ಳನೂ ಅಲ್ಲ, ಉಡಾಳನೂ ಅಲ್ಲ: ಮಗುವಿನ ಪ್ರಕೃತಿಯನ್ನು ಅರಿಯೋಣ



ಕೊಗನೊಳ್ಳಿಯಿಂದ ಮೊದಲುಗೊಂಡು ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದವರೆಗಿನ ನಮ್ಮ ಗಡಿಭಾಗದ ಮನೆಗಳಲ್ಲಿ ಮಕ್ಕಳಿಗೆ ಬಹು ಬೇಗನೆ ಅಂಟಿಕೊಳ್ಳುವ ಕೆಲವು ಹೆಸರುಗಳಿವೆ. ಅಕ್ಷರ ತಲೆಗೆ ಹತ್ತದ ಮಗು ‘ಮಳ್ಳ’. ಒಂದೆಡೆ ಕುಳಿತುಕೊಳ್ಳಲಾರದ ಮಗು ‘ಉಡಾಳ’. ಕರೆದರೆ ತಿರುಗಿ ನೋಡದೆ ತನ್ನಷ್ಟಕ್ಕೆ ತಾನೇ ಆಡಿಕೊಂಡಿರುವ ಮಗು ‘ಹಠಮಾರಿ’. ಶಾಲೆಗೆ ಸೇರುವ ಮೊದಲೇ ಲೆಕ್ಕ ಹೇಳುವ ಮಗು ‘ಭಾಳ ಶಾಣ್ಯಾ’. ಮೊದಲಿನ ಮೂರು ಬೈಗುಳ, ಕೊನೆಯದು ಹೊಗಳಿಕೆ. ಆದರೂ ನಾಲ್ಕರ ಪರಿಣಾಮವೂ ಒಂದೇ. ಹೆಸರು ಬಿದ್ದ ದಿನದಿಂದ ನಾವು ಮಗುವನ್ನು ನೋಡುವುದನ್ನು ಬಿಟ್ಟು ಹೆಸರನ್ನು ನೋಡತೊಡಗುತ್ತೇವೆ. ಕೆಲವು ವರ್ಷಗಳಲ್ಲಿ ಮಗುವೂ ಅದನ್ನೇ ನಂಬುತ್ತದೆ.

ಇಂತಹ ಅನೇಕ ಮಕ್ಕಳ ಮೆದುಳು ಬಹುಜನರ ಮೆದುಳಿಗಿಂತ ಬೇರೆಯಾದ ಕ್ರಮದಲ್ಲಿ ಬೆಳೆದಿರುತ್ತದೆ. ಇದನ್ನು ಸೂಚಿಸಲು 1990ರ ದಶಕದ ಕೊನೆಯಲ್ಲಿ ‘ನ್ಯೂರೋಡೈವರ್ಸಿಟಿ’ ಎಂಬ ಪದ ಬಳಕೆಗೆ ಬಂದಿತು. ಕನ್ನಡದಲ್ಲಿ ನಾವು ‘ನರವೈವಿಧ್ಯ’ ಎನ್ನಬಹುದು. ಈ ವೈವಿಧ್ಯದೊಂದಿಗೆ ಬೆಳೆಯುವ ಮಗು ತನ್ನನ್ನು ತಾನು ಒಪ್ಪಿಕೊಳ್ಳುವುದು ಹೇಗೆ, ಅದಕ್ಕೆ ಮನೆ, ಶಾಲೆ, ಮಠಗಳು ಏನು ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಪ್ರಕೃತಿಯೇ? ವಿಕೃತಿಯೇ?

ಆಯುರ್ವೇದದ ವಿದ್ಯಾರ್ಥಿಗೆ ಆರಂಭದಲ್ಲಿಯೇ ಕಲಿಸುವ ಭೇದವೊಂದಿದೆ. ಗರ್ಭದಲ್ಲಿಯೇ ನಿಶ್ಚಯವಾಗುವ ದೇಹ ಮತ್ತು ಮನಸ್ಸುಗಳ ಹದವು ಪ್ರಕೃತಿ. ಆ ಹದ ಕೆಟ್ಟಾಗ ತೋರುವುದು ವಿಕೃತಿ. ವಿಕೃತಿಗೆ ಚಿಕಿತ್ಸೆ ಬೇಕು. ಪ್ರಕೃತಿಯನ್ನಾದರೋ ಮೊದಲು ಅರಿಯಬೇಕು, ಅನಂತರ ಅದಕ್ಕೆ ಹೊಂದುವ ಆಹಾರ ವಿಹಾರಗಳನ್ನು ರೂಪಿಸಬೇಕು. ಸುಶ್ರುತ ಸಂಹಿತೆಯ ಶಾರೀರಸ್ಥಾನವು ಬದುಕಿರುವಷ್ಟು ಕಾಲ ಮನುಷ್ಯನ ಪ್ರಕೃತಿಯು ಬದಲಾಗುವುದಿಲ್ಲವೆಂದು ಹೇಳುತ್ತದೆ. ವಾತಪ್ರಕೃತಿಯವನನ್ನು ಕಫಪ್ರಕೃತಿಯವನನ್ನಾಗಿ ಮಾಡಲು ಯಾವ ವೈದ್ಯನೂ ಹೊರಡುವುದಿಲ್ಲ.

ಇಂದು ನಾವು ಹೇಳುವ ಸ್ವಲೀನತೆ, ಡಿಸ್‌ಲೆಕ್ಸಿಯಾ ಮುಂತಾದ ಹೆಸರುಗಳು ನಮ್ಮ ಸಂಹಿತೆಗಳಲ್ಲಿ ಇಲ್ಲ. ಇವೆಯೆಂದು ಎಳೆದು ತೋರಿಸುವುದು ಶಾಸ್ತ್ರಕ್ಕೂ ರೋಗಿಗೂ ಮಾಡುವ ಅನ್ಯಾಯ. ಆದರೆ ಪ್ರಕೃತಿ ಮತ್ತು ವಿಕೃತಿಗಳ ಭೇದವು ಇಲ್ಲಿಯೂ ದಾರಿ ತೋರಿಸುತ್ತದೆ. ಮಗು ಲೋಕವನ್ನು ಗ್ರಹಿಸುವ ಬಗೆ ಅದರ ಪ್ರಕೃತಿ. ಆ ಮಗುವಿಗೆ ಬರುವ ನಿದ್ರಾನಾಶ, ಮಲಬದ್ಧತೆ, ಭಯ, ಖಿನ್ನತೆಗಳು ವಿಕೃತಿ. ಎರಡನೆಯದಕ್ಕೆ ಚಿಕಿತ್ಸೆ ನೀಡುತ್ತ ಮೊದಲನೆಯದನ್ನು ಗೌರವಿಸುವುದೇ ಸರಿಯಾದ ಕ್ರಮ.

ಚರಕಾಚಾರ್ಯರು ಬುದ್ಧಿವ್ಯಾಪಾರದಲ್ಲಿ ಧೀ, ಧೃತಿ, ಸ್ಮೃತಿ ಎಂಬ ಮೂರನ್ನು ಬೇರೆಬೇರೆಯಾಗಿ ಹೆಸರಿಸಿದ್ದಾರೆ. ಅರಿಯುವ ಶಕ್ತಿ ಒಂದು, ಮನಸ್ಸನ್ನು ಹಿಡಿದು ನಿಲ್ಲಿಸುವ ಶಕ್ತಿ ಇನ್ನೊಂದು, ನೆನಪಿನ ಶಕ್ತಿ ಮತ್ತೊಂದು. ಒಂದರಲ್ಲಿ ಹಿಂದುಳಿದ ಮಗು ಉಳಿದೆರಡರಲ್ಲಿಯೂ ಹಿಂದುಳಿದಿರಬೇಕೆಂದಿಲ್ಲ. ನಮ್ಮ ಪರೀಕ್ಷೆಗಳು ಇವನ್ನೆಲ್ಲ ಕೂಡಿಸಿ ಒಂದೇ ಅಂಕ ಕೊಡುತ್ತವೆ. ಮಗುವಿನೊಳಗೆ ಅವು ಬೇರೆಬೇರೆಯಾಗಿಯೇ ಇರುತ್ತವೆ.

ಓದಲು ತೊಡಕಾಗುವ ಮಗು

1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು 14 ವರ್ಷದ ಹುಡುಗನೊಬ್ಬನ ವಿಷಯವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹುಡುಗ ಚುರುಕಾಗಿದ್ದ, ಕಣ್ಣು ಚೆನ್ನಾಗಿದ್ದವು, ಗಣಿತ ಬರುತ್ತಿತ್ತು. ಓದು ಮಾತ್ರ ಬರುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವಂತಿದ್ದರೆ ಇವನೇ ಶಾಲೆಯಲ್ಲಿ ಎಲ್ಲರಿಗಿಂತ ಜಾಣನಾಗುತ್ತಿದ್ದನೆಂದು ಅವನ ಶಿಕ್ಷಕರು ಹೇಳಿದ್ದರು. ಇದನ್ನೇ ಇಂದು ಡಿಸ್‌ಲೆಕ್ಸಿಯಾ ಎನ್ನುತ್ತಾರೆ. ಮಾತಿನ ಧ್ವನಿಯನ್ನೂ ಬರೆದ ಅಕ್ಷರವನ್ನೂ ಕೂಡಿಸುವ ಕೆಲಸ ಇವರ ಮೆದುಳಿಗೆ ಸಲೀಸಾಗಿ ಒಲಿಯುವುದಿಲ್ಲ. ಬುದ್ಧಿಗೆ ಕೊರತೆ ಇರುವುದಿಲ್ಲ.

ಕನ್ನಡದಲ್ಲಿ ಇದು ಕಾಗುಣಿತದ ಗೊಂದಲವಾಗಿ, ಹ್ರಸ್ವ ದೀರ್ಘಗಳ ಅದಲು ಬದಲಾಗಿ, ಒತ್ತಕ್ಷರ ಬಂದಲ್ಲಿ ತಡವರಿಸುವುದಾಗಿ ಕಾಣಿಸಿಕೊಳ್ಳುತ್ತದೆ. ನಮ್ಮ ಗಡಿಭಾಗದಲ್ಲಿ ಒಂದು ಎಚ್ಚರಿಕೆ ಬೇಕು. ಮನೆಯಲ್ಲಿ ಮರಾಠಿ, ಅಂಗಳದಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು ಎಂಬ ಸ್ಥಿತಿ ಇಲ್ಲಿ ಸಾಮಾನ್ಯ. ತನಗೆ ಚೆನ್ನಾಗಿ ತಿಳಿದ ಭಾಷೆಯನ್ನು ಸರಾಗವಾಗಿ ಓದುವ ಮಗು ಹೊಸ ಭಾಷೆಯಲ್ಲಿ ಮಾತ್ರ ಎಡವಿದರೆ, ಅದು ಬಹುಮಟ್ಟಿಗೆ ಹೊಸ ಭಾಷೆಯ ತೊಡಕು. ಎಲ್ಲ ಭಾಷೆಗಳಲ್ಲಿಯೂ ಓದು ಬರಹ ಕುಂಟುತ್ತಿದ್ದು, ಕೇಳಿ ತಿಳಿಯುವುದು ಮಾತ್ರ ಚೆನ್ನಾಗಿದ್ದರೆ ತಜ್ಞರಿಗೆ ತೋರಿಸಬೇಕು. ಪರೀಕ್ಷೆಯೂ ಮಗುವಿಗೆ ಹೆಚ್ಚು ಬಲ್ಲ ಭಾಷೆಯಲ್ಲಿಯೇ ನಡೆಯಬೇಕು.

ನಿಲ್ಲಲಾರದ ಮಗು, ಒಂಟಿಯಾಗಿ ಆಡುವ ಮಗು

ಎಡಿಎಚ್‌ಡಿ ಎಂದು ಕರೆಯುವ ಸ್ಥಿತಿಯಲ್ಲಿ ಗಮನವನ್ನು ಬೇಕಾದಲ್ಲಿ ನಿಲ್ಲಿಸುವುದು ಕಷ್ಟ. ಕೆಲವರಲ್ಲಿ ಅತಿಯಾದ ಚಟುವಟಿಕೆ, ದುಡುಕು ಇರುತ್ತವೆ. ಕೆಲವರು, ಅದರಲ್ಲಿಯೂ ಹೆಣ್ಣುಮಕ್ಕಳು, ಸದ್ದಿಲ್ಲದೆ ಕಿಟಕಿಯಾಚೆ ನೋಡುತ್ತ ಕುಳಿತಿರುತ್ತಾರೆ. ಎಲ್ಲ ಚೂಟಿ ಮಕ್ಕಳಿಗೂ ಈ ಹೆಸರು ಸಲ್ಲದು. ಲಕ್ಷಣಗಳು 12 ವರ್ಷದೊಳಗೆ ಕಾಣಿಸಿರಬೇಕು, ಕನಿಷ್ಠ 6 ತಿಂಗಳಿಂದ ಇರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ತೋರಬೇಕು, ನಿತ್ಯದ ಬದುಕಿಗೆ ತೊಡಕಾಗಿರಬೇಕು. ಆಗ ಮಾತ್ರ ತಜ್ಞರು ಈ ನಿರ್ಣಯಕ್ಕೆ ಬರುತ್ತಾರೆ.

ಸ್ವಲೀನತೆ ಅಥವಾ ಆಟಿಸಂ ಎಂಬುದನ್ನು 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ವಿವರಗಳೊಂದಿಗೆ ನಿರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರು ಸ್ವಲೀನತೆಯುಳ್ಳವರು. ಮಾತು ತಡವಾಗುವುದು, ಕೇಳಿದ ಮಾತನ್ನೇ ಮರಳಿ ನುಡಿಯುವುದು, ಇತರರ ಮುಖಭಾವದ ಇಂಗಿತ ತಿಳಿಯದಿರುವುದು, ಒಂದೇ ವಿಷಯದಲ್ಲಿ ಆಳವಾಗಿ ಮುಳುಗುವುದು, ದಿನದ ಕ್ರಮ ಬದಲಾದರೆ ತಳಮಳಗೊಳ್ಳುವುದು ಇದರ ಗುರುತುಗಳು. ಮಿಕ್ಸರ್‌ನ ಸದ್ದು, ಜಾತ್ರೆಯ ಧ್ವನಿವರ್ಧಕ, ಹೊಸ ಬಟ್ಟೆಯ ಹೊಲಿಗೆ ಇವರಿಗೆ ಅಸಹನೀಯವಾಗಬಹುದು. ಆಗ ಮಗು ಕಿವಿ ಮುಚ್ಚಿ ಅತ್ತರೆ ಅದನ್ನು ಹಠವೆಂದು ತಿಳಿಯಬಾರದು.

ಒಂದು ವರ್ಷವಾದರೂ ಹೆಸರು ಹಿಡಿದು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೆರಳು ತೋರಿ ಕೇಳದಿದ್ದರೆ, ಎರಡು ವರ್ಷವಾದರೂ ಎರಡು ಪದ ಕೂಡಿಸಿ ಆಡದಿದ್ದರೆ, ಬಂದ ಮಾತು ಯಾವುದೇ ವಯಸ್ಸಿನಲ್ಲಿ ನಿಂತುಹೋದರೆ ಕಾಯಬಾರದು. ‘ಅವರಪ್ಪನೂ ತಡಾ ಮಾಡಿಯೇ ಮಾತಾಡಿದ್ದ’ ಎಂದು ವರ್ಷಗಳನ್ನು ಕಳೆಯಬಾರದು. ಮೊದಲು ಕಿವಿಯ ಪರೀಕ್ಷೆ, ಅನಂತರ ಬೆಳವಣಿಗೆಯ ಪರೀಕ್ಷೆ ಆಗಬೇಕು.

‘ಶಾಣ್ಯಾ’ ಮಗುವಿನ ಭಾರ

ಅಸಾಧಾರಣ ಪ್ರತಿಭೆಯುಳ್ಳ ಮಗುವಿಗೆ ಕಷ್ಟವೆಲ್ಲಿದೆ ಎಂದು ಹಲವರು ಕೇಳುತ್ತಾರೆ. ನಮ್ಮ ನಾಡಿನವರೇ ಆದ ಶಕುಂತಲಾ ದೇವಿಯವರನ್ನು ನೆನೆಯೋಣ. 1929ರ ನವೆಂಬರ್ 4ರಂದು ಬೆಂಗಳೂರಿನಲ್ಲಿ ಹುಟ್ಟಿದ ಇವರ ತಂದೆ ಸರ್ಕಸ್ಸಿನಲ್ಲಿದ್ದವರು. ಇಸ್ಪೀಟಿನ ಆಟದಲ್ಲಿ ಮಗಳ ಅಂಕಿಸ್ಮರಣೆ ತಂದೆಯ ಕಣ್ಣಿಗೆ ಬಿದ್ದಿತು. ಎಳೆಯ ವಯಸ್ಸಿನಲ್ಲಿಯೇ ಪ್ರದರ್ಶನಗಳು ಆರಂಭವಾದವು. ಕ್ರಮವಾದ ಶಾಲಾ ಶಿಕ್ಷಣ ದೊರೆಯಲಿಲ್ಲ. ಮನೆಯ ಸಂಪಾದನೆಯ ಹೊಣೆ ಆಟವಾಡುವ ವಯಸ್ಸಿನ ಹುಡುಗಿಯ ಮೇಲೆ ಬಿದ್ದಿತು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳ ಗುಣಲಬ್ಧವನ್ನು 28 ಸೆಕೆಂಡುಗಳಲ್ಲಿ ಹೇಳಿ ಅವರು ಗಿನ್ನೆಸ್ ದಾಖಲೆಗೆ ಸೇರಿದರು. ಅದು ಲೋಕಕ್ಕೆ ತಿಳಿದ ಮಾತು. 

ಹೆಚ್ಚು ಜನರಿಗೆ ತಿಳಿಯದ ಮಾತೊಂದಿದೆ. ಅಮೆರಿಕದ ಮನೋವಿಜ್ಞಾನಿ ಆರ್ಥರ್ ಜೆನ್ಸೆನ್ 1988ರಲ್ಲಿ ಅವರನ್ನು ಪರೀಕ್ಷಿಸಿ 1990ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ದೊಡ್ಡ ಸಂಖ್ಯೆಗಳ ಮೂಲವನ್ನು, ಪ್ರಶ್ನೆ ಕೇಳಿದವರು ಅದನ್ನು ಬರೆದುಕೊಳ್ಳುವ ಮೊದಲೇ ಹೇಳುತ್ತಿದ್ದ ಶಕುಂತಲಾ ದೇವಿಯವರು ಸರಳ ಮಾನಸಿಕ ಪ್ರತಿಕ್ರಿಯೆಯ ವೇಗದಲ್ಲಿ ವಿಶೇಷವೇನೂ ಅಲ್ಲದವರಾಗಿದ್ದರು. ಅಸಾಧಾರಣ ಶಕ್ತಿ ಅಂಕಗಣಿತದಲ್ಲಿತ್ತು, ಎಲ್ಲದರಲ್ಲಿಯೂ ಇರಲಿಲ್ಲ.

‘ಶಾಣ್ಯಾ’ ಮಗುವಿನ ಮನೆಯವರು ನೆನಪಿಡಬೇಕಾದುದು ಇದನ್ನೇ. ಹತ್ತು ವರ್ಷದವರ ಲೆಕ್ಕ ಮಾಡುವ ಆರು ವರ್ಷದ ಮಗುವಿನ ಹೃದಯ ಆರೇ ವರ್ಷದ್ದು. ಅದು ಕತ್ತಲೆಗೆ ಹೆದರಬಹುದು, ಗೆಳೆಯರಿಲ್ಲದೆ ಒಂಟಿಯಾಗಬಹುದು, ಮೊದಲ ಬಾರಿಗೆ ಕಡಿಮೆ ಅಂಕ ಬಂದಾಗ ತಾನು ಯಾರೂ ಅಲ್ಲವೆಂದು ಕುಸಿಯಬಹುದು. ಕೆಲವು ಮಕ್ಕಳಲ್ಲಿ ಪ್ರತಿಭೆಯೂ ತೊಡಕೂ ಜೊತೆಯಾಗಿಯೇ ಇರುತ್ತವೆ. ಪ್ರತಿಭೆಯು ತೊಡಕನ್ನು ಮುಚ್ಚುತ್ತದೆ, ತೊಡಕು ಪ್ರತಿಭೆಯನ್ನು ಮುಚ್ಚುತ್ತದೆ. ಶಿಕ್ಷಕರ ಕಣ್ಣಿಗೆ ಮಗು ಸಾಧಾರಣವಾಗಿ, ಸ್ವಲ್ಪ ಸೋಮಾರಿಯಾಗಿ ತೋರುತ್ತದೆ.

ತಾಯಿಯ ಮೇಲಿನ ಅಪವಾದ, ಅಂಗಡಿಯ ಔಷಧ

ಇಂತಹ ಮಗು ಹುಟ್ಟಿದ ಮನೆಯಲ್ಲಿ ಮೊದಲು ಬೆರಳು ತಿರುಗುವುದು ತಾಯಿಯ ಕಡೆಗೆ. ಗ್ರಹಣದಲ್ಲಿ ಹೊರಗೆ ಬಂದಳು, ಬಸಿರಿನಲ್ಲಿ ಪಥ್ಯ ಮಾಡಲಿಲ್ಲ, ಮೊಬೈಲು ಕೊಟ್ಟು ಕೆಡಿಸಿದಳು ಎಂಬ ಮಾತುಗಳನ್ನು ನಾವು ವೃತ್ತಿಯಲ್ಲಿ ಕೇಳುತ್ತಲೇ ಬಂದಿದ್ದೇವೆ. ಮುಂದುವರಿದ ದೇಶಗಳೂ ಈ ದೋಷದಿಂದ ಹೊರತಾಗಿರಲಿಲ್ಲ. 1950 ಮತ್ತು 60ರ ದಶಕಗಳಲ್ಲಿ ಅಮೆರಿಕದ ಕೆಲವು ತಜ್ಞರು ತಾಯಿಯ ಮಮತೆಯ ಕೊರತೆಯೇ ಸ್ವಲೀನತೆಗೆ ಕಾರಣವೆಂದು ಸಾರಿದರು. 1977ರಲ್ಲಿ ಫೋಲ್‌ಸ್ಟೀನ್ ಮತ್ತು ರಟ್ಟರ್ ಎಂಬ ವೈದ್ಯರು ಅವಳಿ ಮಕ್ಕಳ ಮೇಲೆ ನಡೆಸಿದ ಅಧ್ಯಯನವು ಅನುವಂಶೀಯತೆಯ ಬಲವಾದ ಪಾತ್ರವನ್ನು ತೋರಿಸಿತು. ಲಸಿಕೆಯಿಂದ ಸ್ವಲೀನತೆ ಬರುತ್ತದೆಂಬ ಮಾತೂ ಸುಳ್ಳು. ಆ ಭಯಕ್ಕೆ ಮೂಲವಾದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಆದ್ದರಿಂದ ಮಕ್ಕಳ ಲಸಿಕೆಯನ್ನು ತಪ್ಪಿಸಬೇಡಿ, ಸೊಸೆಯನ್ನು ನಿಂದಿಸಬೇಡಿ.

ಇನ್ನೊಂದು ಮಾತನ್ನು ಆಯುರ್ವೇದ ವೈದ್ಯರಾಗಿಯೇ ನಾವು ಹೇಳಬೇಕು. ಸ್ವಲೀನತೆಯನ್ನಾಗಲಿ ಡಿಸ್‌ಲೆಕ್ಸಿಯಾವನ್ನಾಗಲಿ ತೆಗೆದುಹಾಕುವ ಚೂರ್ಣ, ಘೃತ, ಭಸ್ಮ ಯಾವುದೂ ಇಲ್ಲ. ಇದೆಯೆಂದು ಹೇಳಿ ತಿಂಗಳುಗಟ್ಟಲೆ ಹಣ ಕೀಳುವವರಿದ್ದಾರೆ. ತಯಾರಕರ ಹೆಸರಿಲ್ಲದ ಪೊಟ್ಟಣಗಳಲ್ಲಿ ಸೀಸ, ಪಾದರಸಗಳು ಇರುವ ಅಪಾಯವಿದೆ. ಸೀಸವು ಎಳೆಯ ಮೆದುಳಿಗೆ ವಿಷ. ಮೂರ್ಛೆರೋಗವಿರುವ ಮಗುವಿನ ಮಾತ್ರೆಗಳನ್ನು ಯಾರದೋ ಮಾತು ಕೇಳಿ ನಿಲ್ಲಿಸುವುದು ಪ್ರಾಣಾಂತಿಕ. ಎಡಿಎಚ್‌ಡಿ ಇರುವ ಕೆಲವು ಮಕ್ಕಳಿಗೆ ಮನೋವೈದ್ಯರು ಕೊಡುವ ಆಧುನಿಕ ಔಷಧಗಳಿಂದ ಪ್ರಯೋಜನವಿದೆ. ಅದಕ್ಕೆ ನಾವು ಅಡ್ಡಬರಬಾರದು.

ಹಾಗಾದರೆ ಆಯುರ್ವೇದದ ಪಾತ್ರವೇನು? ಅದು ಸಣ್ಣದೇನಲ್ಲ. ಈ ಮಕ್ಕಳಲ್ಲಿ ಮಲಬದ್ಧತೆ, ನಿದ್ರೆಯ ತೊಂದರೆ, ಆರಿಸಿ ಆರಿಸಿ ಉಣ್ಣುವ ಅಭ್ಯಾಸ ಹೆಚ್ಚು. ಹೊಟ್ಟೆ ಮತ್ತು ನಿದ್ರೆ ಸರಿಯಾದರೆ ಹಗಲಿನ ಅರ್ಧ ತಳಮಳ ಇಳಿಯುತ್ತದೆ. ಎಲ್ಲಕ್ಕಿಂತ ಮಿಗಿಲಾದುದು ದಿನಚರಿ. ಏಳುವ, ಸ್ನಾನದ, ಪೂಜೆಯ, ಊಟದ, ಮಲಗುವ ಹೊತ್ತು ನಿಶ್ಚಿತವಾಗಿದ್ದರೆ ಮುಂದೇನಾಗುವುದೋ ಎಂಬ ಭಯ ಈ ಮಕ್ಕಳಿಗೆ ಕಡಿಮೆಯಾಗುತ್ತದೆ. ದಿನದ ಕೆಲಸಗಳ ಚಿತ್ರಗಳನ್ನು ಬರೆದು ಗೋಡೆಗೆ ಅಂಟಿಸಿದರೆ ಇನ್ನೂ ಒಳ್ಳೆಯದು. ಮಲಗುವ ಮೊದಲು ಅಂಗಾಲಿಗೆ ಎಣ್ಣೆ ಹಚ್ಚುವುದು ಕೆಲವು ಮಕ್ಕಳಿಗೆ ಹಿತ. ಮುಟ್ಟಿದರೆ ಮುದುಡುವ ಮಗುವಿಗೆ ಒತ್ತಾಯ ಬೇಡ.

ತನ್ನನ್ನು ತಾನು ಒಪ್ಪಿಕೊಳ್ಳುವುದು

ಈ ಮಕ್ಕಳು ದೊಡ್ಡವರಾದಂತೆ ತಮ್ಮ ಭಿನ್ನತೆಯನ್ನು ಮುಚ್ಚಿಡಲು ಕಲಿಯುತ್ತಾರೆ. ಇತರರು ನಕ್ಕಾಗ ನಗುತ್ತಾರೆ, ಓದಲು ಬಾರದ ಪಾಠವನ್ನು ಕೇಳಿ ಬಾಯಿಪಾಠ ಮಾಡುತ್ತಾರೆ, ಗದ್ದಲವನ್ನು ಹಲ್ಲು ಕಚ್ಚಿ ಸಹಿಸುತ್ತಾರೆ. ಶಾಲೆಯಲ್ಲಿ ಇಡೀ ದಿನ ಹೀಗೆ ನಟಿಸಿದ ಮಗು ಮನೆಗೆ ಬಂದು ಸಣ್ಣ ಮಾತಿಗೆ ಸಿಡಿಯುತ್ತದೆ. ಹದಿಹರೆಯದಲ್ಲಿ ಈ ಆಯಾಸವು ಖಿನ್ನತೆಗೆ, ಕೆಲವೊಮ್ಮೆ ಬದುಕೇ ಬೇಡವೆನ್ನುವ ಆಲೋಚನೆಗೆ ದಾರಿ ಮಾಡುತ್ತದೆ. ಆದ್ದರಿಂದಲೇ ಮಗುವಿಗೆ ತನ್ನ ವಿಷಯವನ್ನು ತಿಳಿಸದೆ ಮುಚ್ಚಿಡುವುದು ಹಿತವಲ್ಲ. ನಾವು ಸರಿಯಾದ ಹೆಸರು ಕೊಡದಿದ್ದರೆ ಊರು ತಪ್ಪು ಹೆಸರು ಕೊಟ್ಟೇ ಕೊಡುತ್ತದೆ.

ತಿಳಿಸಲು ದೊಡ್ಡ ಉಪನ್ಯಾಸ ಬೇಡ. ನಮ್ಮ ಮನೆಮಾತಿನಲ್ಲಿಯೇ ಹೇಳಬಹುದು: “ನಿನ್ನ ತಲಿ ಕೆಟ್ಟಿಲ್ಲ ಮಗಾ, ಬ್ಯಾರೆ ರೀತಿ ನಡೀತೈತಿ. ಓದೂದು ನಿನಗ ತ್ರಾಸ, ಕೇಳಿ ಕಲಿಯೂದು ಹಗುರ. ಓದಾಕ ಹಾದಿ ಹುಡುಕೂಣು, ನಾವು ನಿನ್ನ ಜೋಡಿ ಅದೀವಿ.” ಈ ಮಾತಿನಲ್ಲಿ ಕಷ್ಟವನ್ನು ಅಲ್ಲಗಳೆದಿಲ್ಲ, ಶಕ್ತಿಯನ್ನೂ ಮರೆತಿಲ್ಲ, ನೆರವಿನ ಭರವಸೆಯೂ ಇದೆ. ಮಗುವಿನ ಸ್ವೀಕಾರಕ್ಕೆ ಈ ಮೂರೂ ಬೇಕು.

ಒಪ್ಪಿಕೊಳ್ಳುವುದೆಂದರೆ ಕೈಚೆಲ್ಲುವುದೆಂದು ಕೆಲವರು ಭಾವಿಸುತ್ತಾರೆ. ಕಣ್ಣು ಮಂದವಾದವನು ಅದನ್ನು ಒಪ್ಪಿಕೊಂಡ ಮೇಲೆಯೇ ಕನ್ನಡಕ ಹಾಕುತ್ತಾನೆ. ಒಪ್ಪದವನು ಎಡವುತ್ತಲೇ ಇರುತ್ತಾನೆ. ನಲವತ್ತು ದಾಟಿದ ಮೇಲೆ, ಮಗನ ಪರೀಕ್ಷೆಯ ನೆಪದಿಂದ ತಮ್ಮದೇ ಸ್ವಭಾವದ ಹೆಸರು ತಿಳಿದುಕೊಳ್ಳುವ ತಂದೆ ತಾಯಂದಿರೂ ಇದ್ದಾರೆ. ಟ್ರ್ಯಾಕ್ಟರಿನ ಎಂಜಿನ್ನನ್ನು ಸದ್ದಿನಿಂದಲೇ ಅರಿಯಬಲ್ಲವರು, ಆದರೆ ಸೊಸೈಟಿಯ ಅರ್ಜಿ ತುಂಬಲು ನಾಚಿ ಇನ್ನೊಬ್ಬರ ಕೈಗೆ ಕೊಡುವವರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ. ತಾನು ದಡ್ಡನಲ್ಲವೆಂದು ಆ ವಯಸ್ಸಿನಲ್ಲಿ ತಿಳಿದರೂ ಮನಸ್ಸಿನ ಭಾರ ಇಳಿಯುತ್ತದೆ.

ನೆರವು ಎಲ್ಲಿದೆ?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬರುತ್ತವೆ. ಈ ತಂಡಗಳಲ್ಲಿ ಆಯುಷ್ ವೈದ್ಯರಿರುತ್ತಾರೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಮಾತಿನ ವಿಳಂಬ, ಸ್ವಲೀನತೆ, ಕಲಿಕೆಯ ತೊಡಕುಗಳ ತಪಾಸಣೆಯೂ ಅವರ ಕೆಲಸವೇ. ತಂಡ ಬಂದ ದಿನ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ. ಶಾಲೆಗೆ ಹೋಗುವ ಮಗುವಾದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಶಿಕ್ಷಕರನ್ನು ಕಾಣಿರಿ. ಮುಂದಿನ ಪರೀಕ್ಷೆಗಳಿಗೆ ಧಾರವಾಡದ ಡಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ಮನಸ್ಸು ತೀರ ಕುಗ್ಗಿದಾಗ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು; ಇದಕ್ಕೆ ಹಣವಿಲ್ಲ.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಮೊದಲಿದ್ದ 7 ವರ್ಗಗಳನ್ನು 21ಕ್ಕೆ ಏರಿಸಿ, ಸ್ವಲೀನತೆಯನ್ನೂ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಅದರಲ್ಲಿ ಸೇರಿಸಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಉತ್ತರ ಬರೆಯಲು ಸಹಾಯಕರು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಮುಂತಾದ ಅನುಕೂಲಗಳನ್ನು ಈ ಕಾನೂನು ಹೇಳುತ್ತದೆ. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದ ಮೇಲೆ ಓಡಾಡದೆ, ಪ್ರಮಾಣಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳುವುದು ಜಾಣತನ. ಇದು ಯಾರೋ ಕೊಡುವ ಭಿಕ್ಷೆಯಲ್ಲ, ಮಗುವಿನ ಹಕ್ಕು.

ಮಠದ ಅಂಗಳದಲ್ಲಿ

ನಮ್ಮ ಪರಂಪರೆಯಲ್ಲಿ ಇದಕ್ಕೆ ದೀಪದಂತಿರುವ ಚರಿತ್ರೆಯೊಂದಿದೆ. ಸೊನ್ನಲಿಗೆ, ಅಂದರೆ ಇಂದಿನ ಸೊಲ್ಲಾಪುರದ ಶಿವಯೋಗಿ ಸಿದ್ಧರಾಮರ ಬಾಲ್ಯವನ್ನು ರಾಘವಾಂಕ ಕವಿಯು ‘ಸಿದ್ಧರಾಮ ಚಾರಿತ್ರ’ದಲ್ಲಿ ವರ್ಣಿಸಿದ್ದಾನೆ. ಅಲ್ಲಿಯ ಬಾಲಕನು ಇತರ ಮಕ್ಕಳಂತಿಲ್ಲ. ಲೋಕದ ಕಣ್ಣಿಗೆ ಮಂಕನಂತೆ ತೋರುತ್ತಾನೆ. ದನ ಕಾಯಲು ಹೋಗುತ್ತಾನೆ. ಅಂಥವನಿದ್ದ ಹೊಲಕ್ಕೇ ಮಲ್ಲಯ್ಯನು ಜಂಗಮರೂಪದಲ್ಲಿ ನಡೆದುಬರುತ್ತಾನೆ. ಮುಂದೆ ಆ ಬಾಲಕನೇ ಕೆರೆ ಕಟ್ಟಿಸಿ ಊರಿಗೆ ನೀರು ಕೊಟ್ಟ ಕರ್ಮಯೋಗಿಯಾಗುತ್ತಾನೆ. ಶರಣರಿಗೆ ಇಂದಿನ ವೈದ್ಯಕೀಯ ಹೆಸರುಗಳನ್ನು ಅಂಟಿಸುವುದು ನಮ್ಮ ಉದ್ದೇಶವಲ್ಲ, ಅದು ಉಚಿತವೂ ಅಲ್ಲ. ಊರು ಮಂಕನೆಂದು ಬಗೆದದ್ದು ಊರಿನ ದೃಷ್ಟಿಯ ಮಿತಿಯಾಗಿತ್ತು ಎಂಬುದಷ್ಟೇ ನಮಗೆ ಪಾಠ. ಎಲ್ಲ ಮಕ್ಕಳೂ ಸಿದ್ಧರಾಮರಾಗಬೇಕಿಲ್ಲ, ಶಕುಂತಲಾ ದೇವಿಯೂ ಆಗಬೇಕಿಲ್ಲ. ಸಾಧನೆ ಮಾಡಿದರೆ ಮಾತ್ರ ಒಪ್ಪುತ್ತೇವೆ ಎಂಬುದು ಒಪ್ಪಿಗೆಯೇ ಅಲ್ಲ.

ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ದಾಸೋಹದ ಪಂಕ್ತಿಯಲ್ಲಿ ಮಗುವೊಂದು ಕಿವಿ ಮುಚ್ಚಿಕೊಂಡು ಚೀರಿದರೆ ತಾಯಿಯನ್ನು ದುರುಗುಟ್ಟಿ ನೋಡಬೇಡಿರಿ. ಗದ್ದಲವಿಲ್ಲದ ಮೂಲೆಯೊಂದನ್ನು ತೋರಿಸಿರಿ. ಜಾತ್ರೆಯ ದಿನ ಬರಲಾಗದವರು ಸಾಧಾರಣ ದಿನ ಮುಂಜಾನೆ ಬಂದು ದರ್ಶನ ಪಡೆಯಲಿ. ವಚನ ಓದಲಾರದ ಮಗುವಿಗೆ ಕೇಳಿಸಿ ಕಲಿಸಿರಿ. ಮಾತು ಬಾರದ ಮಗುವಿಗೆ ಪ್ರಸಾದ ಬಡಿಸುವ, ಹೂ ಜೋಡಿಸುವ ಕಾಯಕ ಕೊಡಿರಿ. ಕೆಲಸ ಚೆನ್ನಾಗಿ ಆದಾಗ ಎಲ್ಲರೆದುರಿಗೆ ಹಾಗೆಂದು ಹೇಳಿರಿ.

ನಮ್ಮಲ್ಲಿ ಮಗು ಹುಟ್ಟಿದಾಗಲೇ ಲಿಂಗಧಾರಣೆಯಾಗುತ್ತದೆ. ಆ ಹೊತ್ತಿನಲ್ಲಿ ಯಾರೂ ಅದರ ಬುದ್ಧಿಯನ್ನು ಅಳೆಯುವುದಿಲ್ಲ, ಮುಂದೆ ಮಾತಾಡುವುದೋ ಓದುವುದೋ ಎಂದು ಕೇಳುವುದಿಲ್ಲ. ಗುರುವು ಕೇಳದ ಪ್ರಶ್ನೆಯನ್ನು ಮನೆಯವರಾದ ನಾವೂ ಕೇಳದಿರೋಣ. ಅಂದು ಷರತ್ತಿಲ್ಲದೆ ಬರಮಾಡಿಕೊಂಡ ಮಗುವನ್ನು ಎಂಟನೆಯ ವಯಸ್ಸಿನಲ್ಲಿಯೂ, ಹದಿನೆಂಟನೆಯ ವಯಸ್ಸಿನಲ್ಲಿಯೂ ಹಾಗೆಯೇ ಬರಮಾಡಿಕೊಂಡರೆ, ಅದು ತನ್ನನ್ನು ತಾನು ಒಪ್ಪಿಕೊಳ್ಳಲು ಕಲಿಯುತ್ತದೆ.